ಗಣಕಯಂತ್ರದ ಜ್ಞಾಪಕಶಕ್ತಿಯೂ ಸೂಜಿಯ ಕೆಲಸವೂ

“ಹೊಲಿಗೆಯ ಪಾಠವೇಕೆ? ಆ ಹೊತ್ತನ್ನೂ ಗಣಿತಕ್ಕೇ ಕೊಡಬಾರದೇ?” ಎಂದು ಕೆಲವರು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಇದಕ್ಕೆ ಉತ್ತರರೂಪವಾಗಿ, ಗಣಕಯಂತ್ರವು ನೆನಪಿಡಲು ಕಲಿತ ವೃತ್ತಾಂತವನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಗಣಕಯಂತ್ರವು ಸಮಸ್ತ ವಿಷಯಗಳನ್ನೂ ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ ಬರೆದುಕೊಳ್ಳುವುದಷ್ಟೆ. ಆ ಅಂಕಗಳನ್ನು ಉಳಿಸಿಕೊಳ್ಳುವ ಬಗೆ ಹೇಗೆಂಬುದೇ ಆದಿಯಲ್ಲಿ ದೊಡ್ಡ ತೊಡಕಾಗಿತ್ತು. ೧೯೪೮ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಲಿಯಮ್ಸ್, ಕಿಲ್ಬರ್ನ್ ಎಂಬ ವಿದ್ವಾಂಸರು ಗಾಜಿನ ಕೊಳವೆಯೊಂದರ ತೆರೆಯ ಮೇಲೆ ೧೦೨೪ ಅಂಕಗಳನ್ನು ವಿದ್ಯುತ್ತಿನ ಚುಕ್ಕೆಗಳಾಗಿ ಇರಿಸಿದರು. ಚುಕ್ಕೆಗಳು ಕ್ಷಣಮಾತ್ರದಲ್ಲಿ ಮಾಸುತ್ತಿದ್ದುದರಿಂದ, ಯಂತ್ರವು ಅವನ್ನು ಎಡೆಬಿಡದೆ ಓದಿ ಮರಳಿ ಬರೆಯಬೇಕಾಗಿತ್ತು. ೧೯೪೯ರ ಕೇಂಬ್ರಿಜ್ ಯಂತ್ರದಲ್ಲಿಯಾದರೋ, ಪಾದರಸ ತುಂಬಿದ ಕೊಳವೆಗಳಲ್ಲಿ ಅಂಕಗಳು ಶಬ್ದದ ಅಲೆಗಳಾಗಿ ಸಂಚರಿಸಿ, ಕೊನೆಯನ್ನು ಮುಟ್ಟಿದೊಡನೆ ಪುನಃ ಮೊದಲಿಗೆ ಕಳುಹಿಸಲ್ಪಡುತ್ತಿದ್ದವು. ಮರೆತುಹೋದೀತೆಂದು ಮಕ್ಕಳು ಮಗ್ಗಿಯನ್ನು ಉರುಹೊಡೆಯುವ ರೀತಿಯೂ ಇದೇ. ವಿದ್ಯುತ್ತು ನಿಂತರೆ ಎರಡೂ ಯಂತ್ರಗಳು ಸರ್ವವನ್ನೂ ಮರೆಯುತ್ತಿದ್ದವು.

೧೯೫೩ರಲ್ಲಿ ಅಮೆರಿಕದ ‘ವರ್ಲ್‌ವಿಂಡ್’ ಯಂತ್ರಕ್ಕೆ, ತಂತಿಗಳಲ್ಲಿ ಪೋಣಿಸಿದ ಅಯಸ್ಕಾಂತಗುಣವುಳ್ಳ ಪುಟ್ಟ ಬಳೆಗಳು ಅಳವಡಿಸಲ್ಪಟ್ಟವು. ಬಳೆಯ ಕಾಂತತ್ವವು ಒಂದು ದಿಕ್ಕಿಗಿದ್ದರೆ ಒಂದು. ಎದುರು ದಿಕ್ಕಿಗಿದ್ದರೆ ಸೊನ್ನೆ. ವಿದ್ಯುತ್ತು ಹೋದರೂ ಈ ಗುರುತು ಅಳಿಯದು.

೧೯೬೯ರಲ್ಲಿ ಚಂದ್ರನ ಮೇಲೆ ಮನುಷ್ಯರನ್ನಿಳಿಸಿದ ಅಪೋಲೋ ನೌಕೆಯ ಗಣಕದಲ್ಲಿ, ಬದಲಾಗಬಾರದ ಆದೇಶಗಳನ್ನು ನೇಯ್ದೇ ಇಟ್ಟಿದ್ದರು. ತಂತಿಯು ಬಳೆಯೊಳಗೆ ಹಾದರೆ ಒಂದು, ಹೊರಗೆ ಸರಿದರೆ ಸೊನ್ನೆ. ತಲಾ ೧೬ ಅಂಕಗಳ ೩೬,೮೬೪ ಪದಗಳು ಹೀಗೆ ತಂತಿಯಲ್ಲಿ ಅಡಗಿದ್ದವು. ಇವನ್ನು ನೇಯ್ದವರು ಮಸಾಚುಸೆಟ್ಸ್ ಪ್ರಾಂತದ ವಾಲ್ಥಮಿನಲ್ಲಿದ್ದ ರೇಥಿಯಾನ್ ಕಾರ್ಖಾನೆಯ ಸ್ತ್ರೀಯರು. ಯಾವ ಬಳೆಯೆಂಬುದನ್ನು ಯಂತ್ರವು ತೋರಿಸುತ್ತಿತ್ತು. ಸೂಜಿಯಲ್ಲಿ ತಂತಿಯನ್ನು ದಾಟಿಸುವುದು ಅವರ ಕೈಗಳ ಕಾರ್ಯ. ಒಂದೆಳೆ ದಾರಿ ತಪ್ಪಿದರೂ ಆದೇಶವೇ ಬೇರೆಯಾಗುವುದು. ನೆಲದಿಂದ ಲಕ್ಷಾಂತರ ಮೈಲಿ ದೂರದಲ್ಲಿದ್ದವರ ಪ್ರಾಣಗಳು ಆ ಎಳೆಗಳನ್ನು ನೆಚ್ಚಿಕೊಂಡಿದ್ದವು. ಆ ಆದೇಶಗಳನ್ನು ರಚಿಸಿದ ಬಳಗದ ಮುಂದಾಳಾಗಿದ್ದವರು, ಗಣಿತವನ್ನು ವ್ಯಾಸಂಗಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಮಹಿಳೆ.

ಒಬ್ಬರ ಲೆಕ್ಕ ತಪ್ಪಿದ್ದರೆ ನೇಯ್ಗೆ ವ್ಯರ್ಥ. ನೇಯ್ಗೆ ತಪ್ಪಿದ್ದರೆ ಲೆಕ್ಕ ವ್ಯರ್ಥ. ಆದುದರಿಂದ, ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕೆಂದು ನಾವು ಹೇಳಿದಾಗ ಮುನಿಸಿಕೊಂಡಿದ್ದ ಹಳೆಯ ವಿದ್ಯಾರ್ಥಿನಿಯರು ಇಂದು ನಮ್ಮನ್ನು ಕ್ಷಮಿಸುವರೆಂದು ನಂಬಿದ್ದೇವೆ. ಗಣಿತದ ಪಾಠವೂ ಹೊಲಿಗೆಯ ಪಾಠವೂ ನಮ್ಮ ಶಾಲೆಯಲ್ಲಿ ಜೊತೆಯಾಗಿಯೇ ಮುಂದುವರಿಯುವುವು.