ಅಂಗಳದಲ್ಲಿ ಪಾಸ್ಕಲನ ಪಾಠ

ಭಾನುವಾರದ ಬೆಳಿಗ್ಗೆ. ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಅಪ್ಪ, ಮಗ ಮುಂದಿನ ಚಕ್ರದ ಬಳಿ ಕುಳಿತಿದ್ದಾರೆ. ಹೊಸ ಬ್ರೇಕ್ ಪ್ಯಾಡುಗಳು ಜಾಗದಲ್ಲಿ ಕೂತಿವೆ. ಕೊನೆಯ ಬೋಲ್ಟೂ ಬಿಗಿಯಾಗಿದೆ. ಈಗಷ್ಟೇ ಲೈಸೆನ್ಸ್ ಪಡೆದ ಮಗನಿಗೆ ಆತುರ. ‘ಒಂದು ರೌಂಡ್ ಹೋಗಿ ಬರ್ತೀನಪ್ಪಾ’ ಎಂದು ಕೀಲಿಗೆ ಕೈ ಹಾಕುತ್ತಾನೆ. ಹೊರಡುವ ಮೊದಲು ಲಿವರನ್ನು ಒಮ್ಮೆ ಹಿಡಿದು ನೋಡಿದರೆ ಅವನಿಗೆ ಅಚ್ಚರಿ ಕಾದಿರುತ್ತದೆ: ಲಿವರು ಯಾವ ತಡೆಯೂ ಇಲ್ಲದೆ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ. ನೋಡದೆ ಹೊರಟರೆ ಅದೇ ಅಚ್ಚರಿ ಮೊದಲ ತಿರುವಿನಲ್ಲಿ ಎದುರಾಗುತ್ತದೆ.

ಕೆಲಸದಲ್ಲಿ ತಪ್ಪೇನೂ ಆಗಿಲ್ಲ. ಪ್ಯಾಡ್ ಬದಲಿಸಿದಾಗ ಹೀಗಾಗುವುದು ಸಹಜ. ಏಕೆಂಬುದಕ್ಕೆ ಉತ್ತರ ಪ್ರೌಢಶಾಲೆಯ ವಿಜ್ಞಾನದಲ್ಲೇ ಇದೆ.

ವೇಗ ಎಲ್ಲಿಗೆ ಹೋಯಿತು?

ಬ್ರೇಕ್ ಹಿಡಿದಾಗ ವೇಗ ಮಾಯವಾಗುವುದಿಲ್ಲ, ಶಾಖವಾಗುತ್ತದೆ. ವಾಹನ ಮತ್ತು ಸವಾರ ಸೇರಿ 200 ಕಿಲೋಗ್ರಾಂ ಎನ್ನೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅವುಗಳ ಚಲನಶಕ್ತಿ ಸುಮಾರು 27,800 ಜೂಲ್. 100 ಮಿಲಿಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಸುಮಾರು 91 ಡಿಗ್ರಿಗೆ ಕಾಯಿಸಲು ಅಷ್ಟು ಶಾಖ ಸಾಕು. ವೇಗ 30ಕ್ಕೆ ಇಳಿದರೆ ಶಕ್ತಿ ಅರ್ಧವಲ್ಲ, ಕಾಲುಭಾಗವಾಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ.

ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕುಳದಂತೆ ಅಮುಕಿ ಈ ಕೆಲಸ ಮಾಡುತ್ತವೆ. ತಟ್ಟೆಗೆ ಡಿಸ್ಕ್ ಎಂದೂ ಇಕ್ಕುಳಕ್ಕೆ ಕ್ಯಾಲಿಪರ್ ಎಂದೂ ಹೆಸರು. 1969ರಲ್ಲಿ ಹೋಂಡಾ ಸಿಬಿ 750 ಬೈಕಿನ ಮುಂದಿನ ಚಕ್ರಕ್ಕೆ ಬಂದ ಈ ವ್ಯವಸ್ಥೆ ಇಂದು ನಮ್ಮ ಊರುಗಳ ಬೈಕುಗಳಲ್ಲೂ ಸಾಮಾನ್ಯ. ಪ್ರತಿ ಬಾರಿ ಉಜ್ಜಿದಾಗಲೂ ಪ್ಯಾಡು ಸ್ವಲ್ಪ ಸವೆಯುತ್ತದೆ. ಹಲವು ಪ್ಯಾಡುಗಳಲ್ಲಿ ಸವೆತ ತಿಳಿಸುವ ಗೀರು ಇರುತ್ತದೆ. ಅದು ಅಳಿಸಿತೆಂದರೆ ಬದಲಿಸುವ ಸಮಯ ಬಂತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬರುವವರೆಗೆ ಕಾದರೆ ದುಬಾರಿಯಾದ ಡಿಸ್ಕ್ ಕೂಡ ಹಾಳು.

ಬದಲಿಸುವ ಕ್ರಮ

ಬಹುತೇಕ ಬೈಕುಗಳಲ್ಲಿ ಕ್ರಮ ಒಂದೇ. ಗಾಡಿ ತಣ್ಣಗಿರಬೇಕು. ಮೊದಲು ಪ್ಯಾಡುಗಳನ್ನು ಹಿಡಿದಿರುವ ಪಿನ್ ಸಡಿಲಿಸಿ, ಆಮೇಲೆ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಬಿಚ್ಚಬೇಕು. ಕ್ಯಾಲಿಪರ್ ಹೊರಗಿರುವಾಗ ಲಿವರನ್ನು ಮುಟ್ಟಕೂಡದು. ಹಿಡಿದರೆ ಪಿಸ್ಟನ್ ಹೊರಬಿದ್ದೀತು. ಹಳೆಯ ಪ್ಯಾಡು ತೆಗೆದು, ಪಿಸ್ಟನ್ನನ್ನು ಒರೆಸಿ ನಿಧಾನವಾಗಿ ಒಳಗೆ ತಳ್ಳಬೇಕು. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಅದು ಚೆಲ್ಲಿದರೆ ಬಣ್ಣ ಕಿತ್ತು ಬರುತ್ತದೆ, ಸುತ್ತ ಬಟ್ಟೆ ಹಾಸಿರಬೇಕು. ಹೊಸ ಪ್ಯಾಡು ಕೂರಿಸಿ, ಕ್ಯಾಲಿಪರನ್ನು ಡಿಸ್ಕ್ ಮೇಲೆ ಜೋಡಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ಕಾಣುತ್ತದೆ. ಮುಗಿದಿಲ್ಲ.

ಬಲ ಗಳಿಸಿದರೆ ದೂರ ನಷ್ಟ

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ (1623–1662) ತಿಳಿಸಿದ ನಿಯಮ. ಲಿವರಿನ ಬಳಿಯ ಪಿಸ್ಟನ್ 12 ಮಿ.ಮೀ. ವ್ಯಾಸದ್ದು, ಕ್ಯಾಲಿಪರಿನದು 24 ಮಿ.ಮೀ. ಎಂದುಕೊಳ್ಳಿ. ವ್ಯಾಸ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಆದ್ದರಿಂದ ಬಲವೂ ನಾಲ್ಕು ಪಟ್ಟು. ಎರಡು ಬೆರಳಿಂದ ಗಾಡಿ ನಿಲ್ಲುವ ಗುಟ್ಟು ಇದೇ.

ಆದರೆ ನಿಸರ್ಗ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಬಲ ನಾಲ್ಕು ಪಟ್ಟಾದರೆ ಚಲಿಸುವ ದೂರ ಕಾಲುಭಾಗ. ಮೇಲಿನ ಪಿಸ್ಟನ್ 8 ಮಿ.ಮೀ. ಸರಿದರೆ ಕೆಳಗಿನದು ಸರಿಯುವುದು 2 ಮಿ.ಮೀ. ಮಾತ್ರ. ಪ್ಯಾಡು ಡಿಸ್ಕಿಗೆ ಅಂಟಿಕೊಂಡಂತೆಯೇ ಇರುವ ದಿನಗಳಲ್ಲಿ ಅಷ್ಟು ಸಾಕು. ಪ್ಯಾಡ್ ಬದಲಿಸುವಾಗ ನಾವೇ ಪಿಸ್ಟನ್ನನ್ನು 6 ಮಿ.ಮೀ. ಹಿಂದಕ್ಕೆ ತಳ್ಳಿದ್ದರೆ? ಅದು ಮತ್ತೆ ಮುಂದೆ ಬರಲು ಲಿವರನ್ನು ಮೂರು ಬಾರಿ ಹಿಡಿಯಬೇಕು.

ಆ ಮೂರು ಬಾರಿ ಅಂಗಳದಲ್ಲೇ ಆಗಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ರಸ್ತೆಯಲ್ಲಿ ಲಿವರನ್ನು ಮತ್ತೆ ಮತ್ತೆ ಹಿಡಿಯುವಷ್ಟು ಪುರುಸೊತ್ತು ಸಿಗುವುದಿಲ್ಲ. ಎಬಿಎಸ್ ಇದೆಯೆಂಬ ಧೈರ್ಯವೂ ಇಲ್ಲಿ ನಡೆಯದು. ಅದು ಚಕ್ರ ಜಾಮ್ ಆಗಿ ಜಾರದಂತೆ ತಡೆಯುತ್ತದೆ, ಡಿಸ್ಕನ್ನು ಮುಟ್ಟದ ಪ್ಯಾಡಿಗೆ ಅದರ ಬಳಿ ಮದ್ದಿಲ್ಲ.

ಇನ್ನೂ ಕೆಲವು ಎಚ್ಚರಿಕೆ

ಹಳೆಯ ಪ್ಯಾಡಿನ ಧೂಳನ್ನು ಬಾಯಿಂದ ಊದಬಾರದು. ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಗ್ರೀಸು ತಾಗಕೂಡದು, ಘರ್ಷಣೆ ತಗ್ಗುತ್ತದೆ. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಂಜಿನ್ ಆಯಿಲ್ ಅಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ದರ್ಜೆಯದನ್ನೇ ಹಾಕಬೇಕು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವ ತನಕ ನಿಧಾನವಾಗಿ ಓಡಿಸಬೇಕು.

ಇಷ್ಟೆಲ್ಲ ಆದ ಮೇಲೂ ಲಿವರು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಗಾಳಿ ಕುಗ್ಗುತ್ತದೆ, ದ್ರವದಂತೆ ಒತ್ತಡ ಸಾಗಿಸುವುದಿಲ್ಲ. ಆಗ ಹಟ ಮಾಡದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು.

ಅಂಗಳದ ಅಪ್ಪ ಮಗನಿಗೆ ಹೇಳಬೇಕಾದ್ದು ಇಷ್ಟೇ: ‘ತಡಿಯಪ್ಪಾ, ಮೊದಲು ಲಿವರ್ ಹಿಡಿದು ನೋಡು. ಗಟ್ಟಿಯಾಗಲಿ, ಆಮೇಲೆ ಹೊರಡು.’ ಪರೀಕ್ಷೆಯಲ್ಲಿ ಎರಡು ಅಂಕ ತರುವ ಪಾಸ್ಕಲನ ನಿಯಮ ಅಲ್ಲಿ ಒಂದು ಜೀವ ಕಾಯುತ್ತದೆ.