ಸಸಿ ನೆಡೋ ಮುಂಚೆ ಹುಲ್ಲು ನೋಡಿ

ಕಳೆದ ಜೂನ್‌ನಲ್ಲಿ ಆಫೀಸಿನ ಗೆಳೆಯರೆಲ್ಲ ದುಡ್ಡು ಹಾಕಿ 200 ಸಸಿ ಕೊಂಡಿದ್ವಿ. ನ್ಯಾಮತಿ ಹತ್ತಿರದ ನಮ್ಮೂರಿನ ಶಾಲೆ ಮಕ್ಕಳ ಕೈಲಿ ಗೋಮಾಳದಲ್ಲಿ ನೆಡಿಸೋದು ಪ್ಲಾನ್. ಗುಂಡಿ ತೋಡ್ತಿದ್ದಾಗ ದನ ಕಾಯ್ತಿದ್ದ ಅಜ್ಜ ಬಂದು ಕೇಳಿದ್ರು: "ಅಲ್ಲ ತಮ್ಮಾ, ಇದು ಖಾಲಿ ಜಾಗ ಅಂತ ಯಾರು ಹೇಳಿದ್ರು? ಇಲ್ಲಿ ಮರ ಎದ್ರೆ ದನ ಎಲ್ಲಿ ಮೇಯ್ಬೇಕು, ಲಾವಕ್ಕಿ ಎಲ್ಲಿ ಮೊಟ್ಟೆ ಇಡ್ಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ. ರಾತ್ರಿ ಇದರ ಬಗ್ಗೆ ಓದ್ತಾ ಕೂತಾಗ ಸಿಕ್ಕಿದ್ದು ಎರೆಭೂತದ ಕಥೆ.

ಎರೆಭೂತ ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ. ಗಂಡು ಹಕ್ಕಿ 15 ಕೆ.ಜಿ.ವರೆಗೂ ತೂಗುತ್ತೆ. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯ್ತು. ಇವತ್ತು ಎರೆಭೂತ ಅಳಿವಿನ ಅಂಚಿನಲ್ಲಿದೆ. ದೇಶದ ಬಯಲಲ್ಲಿ ಉಳಿದಿರೋದು ಹೆಚ್ಚೆಂದರೆ 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು.

ಒಂದು ಕಾಲಕ್ಕೆ ಇದು ನಮ್ಮ ಪಕ್ಕದ ರಾಣೆಬೆನ್ನೂರಲ್ಲೂ ಇತ್ತು. ಅಲ್ಲಿ 1974ರಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯ ಆಯ್ತು. ಆದರೆ ಆ ಬಯಲಿನ ದೊಡ್ಡ ಭಾಗದಲ್ಲಿ ನೀಲಗಿರಿ ನೆಟ್ಟಿದ್ರು. ಎರೆಭೂತಕ್ಕೆ ಬೇಕಾಗಿದ್ದು ಮಿಡತೆ, ಜೀರುಂಡೆ, ಓತಿಕ್ಯಾತ, ಬೋರೆಹಣ್ಣು, ಹೊಲದ ಕಾಳು, ಜೊತೆಗೆ ದೂರದ ಅಪಾಯ ಕಾಣೋ ಬಯಲು. ನೀಲಗಿರಿ ನೆರಳಲ್ಲಿ ಇದ್ಯಾವುದೂ ಸಿಗಲ್ಲ. ಬೇಟೆ, ಕರೆಂಟ್ ತಂತಿ, ಹೆಚ್ಚಿದ ಸಾಗುವಳಿ ಕೂಡ ಈ ಹಕ್ಕಿಯನ್ನು ಕೊಂದಿವೆ. ಆದರೆ ‘ಹಸಿರು ಮಾಡ್ತೀವಿ’ ಅಂತ ನೆಟ್ಟ ಮರಗಳೂ ಅದರ ಊಟದ ತಟ್ಟೆ ಕಿತ್ಕೊಂಡ್ವು ಅನ್ನೋದು ನಂಗೆ ಚುಚ್ಚಿತು. ನಾನು ಮಾಡ್ತಿದ್ದಿದ್ದೂ ಅದೇ ಅಲ್ವಾ?

ಮಾರನೇ ದಿನ ಮೇಷ್ಟ್ರ ಜೊತೆ ಮಾತಾಡಿ ಪ್ಲಾನ್ ಬದಲಾಯಿಸಿದ್ವಿ. ಹೊಂಗೆ, ಬೇವು, ನೇರಳೆ ಸಸಿಗಳು ಶಾಲೆ ಕಾಂಪೌಂಡಿಗೂ ರಸ್ತೆ ಬದಿಗೂ ಹೋದ್ವು. ಗೋಮಾಳಕ್ಕೆ ಹೋಗಿದ್ದು ಎಂಟನೇ ಕ್ಲಾಸಿನ ಮಕ್ಕಳು, ನೋಟ್‌ಬುಕ್ ಹಿಡ್ಕೊಂಡು. ಹತ್ತು ಹೆಜ್ಜೆ ಜಾಗದಲ್ಲಿ ಎಷ್ಟು ಥರ ಹುಲ್ಲು, ಎಷ್ಟು ಮಿಡತೆ, ಯಾವ ಹಕ್ಕಿ ಅಂತ ಬರೆದ್ರು. ನೆಲದಲ್ಲಿ ಗೂಡು ಇರುತ್ತೆ, ನೋಡ್ಕೊಂಡು ಹೆಜ್ಜೆ ಇಡಿ ಅಂತ ಅಜ್ಜ ಜೊತೆಗೇ ನಡೆದ್ರು. ಹುಲ್ಲಿನ ಹೆಸರುಗಳನ್ನ ಹೇಳಿಕೊಟ್ಟಿದ್ದೂ ಅವರೇ.

ಈ ಪಟ್ಟಿಗೆ ಬೆಲೆ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹಕ್ಕಿ, ಹುಲ್ಲಿನ ದಾಖಲೆ ಇಡಬೇಕು. ಮಕ್ಕಳು ಬರೆದಿದ್ದನ್ನ ಪಂಚಾಯಿತಿಗೆ ಕೊಟ್ರೆ ನಾಳೆ ಯಾರಾದ್ರೂ ‘ಇದು ಪಾಳು ಜಾಗ’ ಅಂದಾಗ ತೋರಿಸೋಕೆ ಏನಾದ್ರೂ ಇರುತ್ತೆ.

ನಮ್ಮ ಗೋಮಾಳಕ್ಕೆ ಎರೆಭೂತ ಬರಲ್ಲ, ಗೊತ್ತು. ಆದರೆ ಲಾವಕ್ಕಿ, ಗೌಜಲಕ್ಕಿ ಇನ್ನೂ ಇವೆ. ನಿಮ್ಮ ಆಫೀಸಲ್ಲೂ ಜೂನ್ 5ಕ್ಕೆ ಸಸಿ ನೆಡೋ ಮೇಲ್ ಬಂದ್ರೆ ಖಂಡಿತ ಹೋಗಿ. ಗುಂಡಿ ತೋಡೋ ಮುಂಚೆ ಅಲ್ಲಿ ದನ ಕಾಯೋರನ್ನ ಒಂದ್ ಮಾತು ಕೇಳಿ, ಅಷ್ಟೇ.