ಹಳದಿ ನೀರು ನಿಲ್ಲುವವರೆಗೆ

ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ ಹುಡುಗ ಎರಡೂ ಹೆಡ್‌ಲೈಟ್‌ಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ನನ್ನ ಭಾವನ ಕಡೆ ತಿರುಗಿ, “ಮಾಲಕ್ರ, ಗಾಡಿ ಪಶ್ಚಿಮಕ್ಕ ಮಾರಿ ಮಾಡಿ ನಿಲ್ಲಸ್ತೀರಲ್ರಿ? ಎಡಕ್ಕ ಒಂದು ಗ್ವಾಡಿ ಐತಿ, ಇಲ್ಲಾಂದ್ರ ಗಿಡ” ಎಂದ. ಭಾವ ಬೆಪ್ಪಾದರು. ಅವರ ಸೊಸೈಟಿಯ ಪಾರ್ಕಿಂಗ್ ಪಶ್ಚಿಮಕ್ಕೇ ಇದೆ, ಎಡಗಡೆ ಬೇವಿನ ಮರವೂ ಇದೆ. ಹಳೆಯ ಸ್ವಿಫ್ಟ್‌ನ ಎಡದೀಪ ಸುಮಾರಾಗಿ ಮಸುಕಾಗಿತ್ತು, ಬಲದ್ದು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ನಂತರದ ಬಿಸಿಲು ವರ್ಷಗಟ್ಟಲೆ ಯಾವ ಕಡೆಗೆ ಬಿದ್ದಿದೆಯೆಂದು ಅವನು ದೀಪ ನೋಡಿಯೇ ಹೇಳಿಬಿಟ್ಟಿದ್ದ.

ಪುಣೆಯ ಶಿವಾಜಿನಗರದ ಎಸ್‌.ಟಿ. ಸ್ಟ್ಯಾಂಡ್ ಮೆಟ್ರೊ ಕೆಲಸಕ್ಕೆಂದು ವಾಕಡೇವಾಡಿಗೆ ಹೋದ ಮೇಲೂ ಸುತ್ತಲ ಗಲ್ಲಿಗಳ ಗದ್ದಲ ಇಳಿದಿಲ್ಲ. ಅಂಥದೊಂದು ಗಲ್ಲಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಇವನ ಡೆಂಟಿಂಗ್-ಪೇಂಟಿಂಗ್ ಅಂಗಡಿ. ಜತ್ತ ತಾಲ್ಲೂಕಿನವನು. ಗಿರಾಕಿಗೆ ರೇಟು ಹೇಳುವುದು ಮರಾಠಿಯಲ್ಲಿ, ಫೋನಿನಲ್ಲಿ ಬಿಡಿಭಾಗ ಕೇಳುವುದು ಹಿಂದಿಯಲ್ಲಿ, ಕೈಕೆಳಗಿನ ಪೋರನನ್ನು ಬೈಯುವುದು ಅಚ್ಚ ಕನ್ನಡದಲ್ಲಿ. ಬೈಗುಳ ಕೇಳಿಯೇ ನಮ್ಮ ಪರಿಚಯವಾಯಿತು.

ಕೆಲಸ ಶುರುವಾಗುವುದು ತೊಳೆಯುವುದರಿಂದ. ದೀಪದ ಸುತ್ತ ಬಾನೆಟ್, ಬಂಪರಿಗೆ ಮಾಸ್ಕಿಂಗ್ ಟೇಪು ಎರಡು ಪದರ. ಆಮೇಲೆ ನೀರಿನಲ್ಲಿ ನೆನೆಸಿಟ್ಟ ವಾಟರ್ ಪೇಪರ್, ಅಂದರೆ ಉಜ್ಜುಕಾಗದ. ಒರಟಾದ 400 ನಂಬರಿನಿಂದ ಹಿಡಿದು 600, 800, ನುಣುಪಾದ 1000. ಒಂದು ನಂಬರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ. ಹಿಂದಿನ ಗೀರು ಪೂರ್ತಿ ಅಳಿಯಿತೋ ಇಲ್ಲವೋ ಗೊತ್ತಾಗಲು ಬೇರೆ ಉಪಾಯವಿಲ್ಲ. ನಾನು ದೀಪವನ್ನು ನೋಡುತ್ತಿದ್ದರೆ ಅವನು ಕೆಳಗೆ ಹರಿಯುವ ನೀರನ್ನು ನೋಡುತ್ತಿದ್ದ. ಮೊದಲು ಬಂಪರಿನ ಮೇಲೆ ಇಳಿದದ್ದು ಹಳದಿ ಕೆಸರು. ಮೂಲೆಗಳಲ್ಲಿ ಹಳದಿ ಹಟ ಹಿಡಿದು ನಿಂತಿತ್ತು. “ಬಿಳಿ ನೀರು ಬರೂತನ ಬಿಡಬಾರ್ದ್ರಿ ಅಣ್ಣಾರ. ಹಳದಿ ಉಳೀತಂದ್ರ ಮ್ಯಾಲ ಏನ್ ಹೊಡದ್ರೂ ಎದ್ದ ಬರ್ತೈತಿ.” ಕೊನೆಗೆ ಬಿಳಿ ನೀರು ಬಂತು. ದೀಪ ಮಾತ್ರ ಮೊದಲಿಗಿಂತ ಕುರುಡಾಗಿ, ಒಳಗಿನ ಬಲ್ಬೂ ಕಾಣದಂತಾಗಿತ್ತು. ಭಾವನ ಮುಖವೂ ಹಾಗೇ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಂಡವರಿಗೆ ಈ ರೋಗವೇ ಹೊಸದು. ಆ ದುಂಡು ದೀಪಗಳು ಗಾಜಿನವು. ಒಡೆಯುತ್ತಿದ್ದವೇ ಹೊರತು ಹಳದಿಯಾಗುತ್ತಿರಲಿಲ್ಲ. ಅಮೆರಿಕದಲ್ಲಿ 1940ರಿಂದ ಸೀಲ್ಡ್ ಬೀಮ್ ಗಾಜಿನ ದೀಪವೇ ಕಡ್ಡಾಯವಾಗಿತ್ತು. 1983ರಲ್ಲಿ ಕಟ್ಟಳೆ ಸಡಿಲವಾಗಿ, 1984ರ ಲಿಂಕನ್ ಮಾರ್ಕ್ 7 ಕಾರಿನ ಮೂತಿಗೆ ಗಾಳಿ ಸೀಳುವ ಆಕಾರದ ಪ್ಲಾಸ್ಟಿಕ್ ದೀಪ ಬಂತು. ಹಗುರ, ಕಲ್ಲು ಬಡಿದರೂ ಒಡೆಯದು, ಬೇಕಾದ ಹಾಗೆ ಬಾಗುತ್ತದೆ. ಕ್ರಮೇಣ ಎಲ್ಲ ಕಂಪನಿಗಳೂ ಅದಕ್ಕೇ ಬಿದ್ದವು.

ಆ ಪ್ಲಾಸ್ಟಿಕ್ಕೇ ಪಾಲಿಕಾರ್ಬೊನೇಟ್. ಇದರ ಹುಟ್ಟಿನ ಕಥೆ ನನಗೆ ದೀಪಕ್ಕಿಂತ ಹೆಚ್ಚು ಹಿಡಿಸಿದೆ. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಇದನ್ನು ತಯಾರಿಸಿದರು. ಹೆಚ್ಚುಕಡಿಮೆ ಅದೇ ವಾರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಕೂಡ ತಯಾರಿಸಿದರು, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ. ಫಾಕ್ಸ್ ಹುಡುಕುತ್ತಿದ್ದುದು ವಿದ್ಯುತ್ ತಂತಿಗೆ ಹೊದಿಸುವ ಲೇಪವನ್ನು. ಪಾತ್ರೆಯಲ್ಲಿದ್ದದ್ದು ಗಟ್ಟಿಯಾಗಿ ಕಲಕುವ ಕಡ್ಡಿಯನ್ನು ಹಿಡಿದುಕೊಂಡಿತು. ಗಾಜಿನ ಪಾತ್ರೆ ಒಡೆಯಿತು, ಒಳಗಿನ ಮುದ್ದೆ ಏನು ಮಾಡಿದರೂ ಒಡೆಯಲಿಲ್ಲ. ಮುಂದೆ ಪೇಟೆಂಟಿನ ಹಕ್ಕು ಜರ್ಮನರ ಪಾಲಾಯಿತು. ಒಂದು ಕಂಪನಿ ಮಾಕ್ರೊಲಾನ್ ಎಂದು ಮಾರಿತು, ಇನ್ನೊಂದು ಲೆಕ್ಸಾನ್ ಎಂದು. ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣದ ಗುಮ್ಮಟವೂ ಇದರದ್ದೇ.

ಆದರೆ ಇವರಿಬ್ಬರಿಗಿಂತ ಅರ್ಧ ಶತಮಾನ ಮೊದಲೇ, 1898ರಲ್ಲಿ, ಮ್ಯೂನಿಕ್‌ನ ಆಲ್ಫ್ರೆಡ್ ಐನ್‌ಹಾರ್ನ್ ಎಂಬ ರಸಾಯನಶಾಸ್ತ್ರಜ್ಞ ಪಾಲಿಕಾರ್ಬೊನೇಟ್ ಜಾತಿಯ ವಸ್ತುವನ್ನು ತಯಾರಿಸಿ ಕೈಬಿಟ್ಟಿದ್ದರು. ಕರಗದ ಆ ಮುದ್ದೆ ಯಾರಿಗೆ ಬೇಕಿತ್ತು? ಐನ್‌ಹಾರ್ನ್ ಹೆಸರು ಉಳಿದದ್ದು ನೊವೊಕೇನ್‌ನಿಂದ. ಹಲ್ಲಿನ ಡಾಕ್ಟರು ವಸಡು ಮರಗಟ್ಟಿಸಲು ದಶಕಗಟ್ಟಲೆ ಚುಚ್ಚಿದ ಮದ್ದು ಅದು. ನೂರಿಪ್ಪತ್ತು ವರ್ಷ ಕಳೆದು, ಅದೇ ಜಾತಿಯ ವಸ್ತುವಿಗೆ ಇಂದು ಜನ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದಾರೆ. ಹಲ್ಲಿನ ಸಂಬಂಧ ತಪ್ಪಲಿಲ್ಲ.

ಟೂತ್‌ಪೇಸ್ಟಿನಿಂದ ದೀಪ ಹೊಳೆಯಿಸುವ ವಿಡಿಯೊಗಳ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಹೊಳಪು ಬರುವುದು ಸುಳ್ಳಲ್ಲ, ಪೇಸ್ಟಿನಲ್ಲಿ ಉಜ್ಜುವ ನುಣ್ಣನೆಯ ಪುಡಿ ಇದ್ದೇ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ದೀಪದ ಮೇಲೆ ಕೆಲವೇ ಮೈಕ್ರಾನ್ ದಪ್ಪದ, ತಲೆಗೂದಲಿಗಿಂತ ಎಷ್ಟೋ ತೆಳುವಾದ ಗಟ್ಟಿ ಲೇಪ ಇರುತ್ತದೆ. ಗೀರು ತಡೆಯುವುದು, ನೇರಳಾತೀತ ಕಿರಣ ಹೀರಿಕೊಳ್ಳುವುದು ಎರಡೂ ಅದರದೇ ಕೆಲಸ. ಮರಳು, ಧೂಳು, ಕಾರ್ ತೊಳೆಯುವವನ ಒಣ ಬಟ್ಟೆ, ಎಲ್ಲ ಸೇರಿ ಅದನ್ನು ಸವೆಸುತ್ತವೆ. ಆಮೇಲೆ ಬಿಸಿಲು ನೇರವಾಗಿ ಪಾಲಿಕಾರ್ಬೊನೇಟ್‌ಗೇ ಕೈಹಾಕಿ ಅದರ ಅಣುಕೊಂಡಿಗಳನ್ನು ಮುರಿದು ಬೇರೆ ರೀತಿ ಜೋಡಿಸುತ್ತದೆ. ಹಳದಿ ಬಣ್ಣ ಆ ಹೊಸ ಜೋಡಣೆಯದು. ಪೇಸ್ಟು ಉಜ್ಜಿದರೆ ಹಳದಿಯ ಜೊತೆಗೆ ಅಳಿದುಳಿದ ಲೇಪವೂ ಹೋಯಿತು. ಬತ್ತಲೆ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಪೆಟ್ರೋಲ್ ಬಂಕಿನ ಪಕ್ಕ ಹತ್ತು ನಿಮಿಷದಲ್ಲಿ ಬಫಿಂಗ್ ಮಾಡಿ ಕಳಿಸುವವರ ಕೈಚಳಕವೂ ಇಷ್ಟೇ. ಲೇಪವಿಲ್ಲದ ಪಾಲಿಶ್‌ಗೆ ದುಡ್ಡು ಕೊಡುವುದು ದಂಡ. ಬಿಸಿಲಿನ ಮಾತು ಬಂತೆಂದು ಹೇಳುತ್ತೇನೆ: ಇದೇ ಶಿವಾಜಿನಗರದಲ್ಲಿ, 1928ರಲ್ಲಿ ಶಿಮ್ಲಾದಿಂದ ಬಂದ ಕಾರಣಕ್ಕೆ ಇನ್ನೂ ‘ಶಿಮ್ಲಾ ಆಫೀಸ್’ ಎಂದೇ ಕರೆಸಿಕೊಳ್ಳುವ ಹವಾಮಾನ ಇಲಾಖೆಯ ಕಟ್ಟಡವಿದೆ. ದೇಶದ ಬಿಸಿಲು ಅಳೆಯುವ ಉಪಕರಣಗಳ ಕೆಲಸ ಪುಣೆಯಲ್ಲೇ ನಡೆಯುತ್ತದೆ. ಆ ಕಟ್ಟಡದ ಆಸುಪಾಸಿನಲ್ಲಿ ನಿಂತ ಕಾರುಗಳ ಹಳದಿ ದೀಪಗಳೂ ಒಂದು ತರಹದ ಅಳತೆಯೇ.

ಹುಡುಗ 1000 ನಂಬರಿಗೇ ಪೇಪರ್ ಕೆಳಗಿಟ್ಟ. ಇನ್ನೂ ನುಣುಪು ಮಾಡಬಾರದೇ ಎಂದರೆ, “ಮೈ ಒರಟಿದ್ರ ಕ್ಲಿಯರ್ ಹಿಡೀತೈತ್ರಿ, ಗಾಜಿನಂಗ ಮಾಡಿದ್ರ ಸಿಪ್ಪಿ ಎದ್ದಂಗ ಏಳತೈತಿ” ಎಂದ. ಕ್ಲಿಯರ್ ಎಂದರೆ ಕೊನೆಗೆ ಹೊಡೆಯುವ ಪಾರದರ್ಶಕ ಲೇಪ. ದೀಪ ಒಣಗಿಸಿ ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸಿದ. ಪೋರ ಥಿನ್ನರ್ ಡಬ್ಬಿ ಚಾಚಿದ್ದಕ್ಕೆ ಇನ್ನೊಂದು ಸುತ್ತು ಬೈಗುಳ: ಥಿನ್ನರ್ ತಾಗಿದರೆ ಪಾಲಿಕಾರ್ಬೊನೇಟ್ ಒಳಗೊಳಗೇ ಬಿರಿಯುತ್ತದೆ. ಕ್ಲಿಯರ್‌ಗೆ ಹಾರ್ಡ್ನರ್ ಬೆರೆಸುವ ಮೊದಲು ಮಾಸ್ಕ್ ಕಟ್ಟಿಕೊಂಡ. ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಉಸಿರಿನೊಂದಿಗೆ ಒಳಹೋದರೆ ದಮ್ಮು ಹಿಡಿಸುತ್ತದೆ. ಅವನ ಮಾಸ್ಕ್ ಬರೀ ಬಟ್ಟೆಯದ್ದು, ಆವಿಯನ್ನು ತಡೆಯುವಂಥದ್ದಲ್ಲ. ಹೇಳಿದೆ. ನಕ್ಕ.

ಮೊದಲ ಸಲ ತೆಳ್ಳಗೆ, ಹನಿ ಕೂತಷ್ಟೇ. ಸುಮಾರು ಹತ್ತು ನಿಮಿಷ ಬಿಟ್ಟು ಎರಡನೆಯದು, ಒದ್ದೆಯಾಗಿ. ಸ್ಪ್ರೇ ಗನ್ ಎಡದಿಂದ ಬಲಕ್ಕೆ ಹೋದಂತೆ ಸುಣ್ಣ ಬಳಿದಂತಿದ್ದ ದೀಪದೊಳಗಿಂದ ಬಲ್ಬು, ರಿಫ್ಲೆಕ್ಟರು, ಅದರ ಹಿಂದಿನ ಸ್ಕ್ರೂ ಎಲ್ಲ ಒಂದೊಂದಾಗಿ ಕಂಡವು. ಸಾವಿರಾರು ಗೀರುಗಳ ಸಂದಿಯನ್ನು ಕ್ಲಿಯರ್ ತುಂಬಿತ್ತು. ಭಾವ “ಅಯ್ಯೋ!” ಎಂದು ಮುಟ್ಟಲು ಹೋಗಿ ಕೈಮೇಲೆ ಏಟು ತಿನ್ನುವುದರಲ್ಲಿದ್ದರು.

ಇಷ್ಟಾದರೂ ಹೊಸ ದೀಪವಾಗುವುದಿಲ್ಲ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಮಂಕಾದ ದೀಪಗಳು ಡಿಮ್‌ನಲ್ಲಿ ಹೊಸದರ ಸುಮಾರು ಐದನೇ ಒಂದು ಭಾಗದಷ್ಟು ಬೆಳಕನ್ನು ಮಾತ್ರ ಕೊಟ್ಟವು. ಉಜ್ಜಿ ಸರಿಮಾಡಿದ ಮೇಲೆ ಅದು ಶೇ 70ರ ಹತ್ತಿರ ಬಂತು, ಆದರೆ ಎದುರಿನವರ ಕಣ್ಣು ಕುಕ್ಕುವ ಚದುರು ಬೆಳಕು ಅಲ್ಲಿನ ಮಿತಿಗಿಂತ ಹೆಚ್ಚಿತ್ತು. ಹಾಗಾಗಿ ರಾತ್ರಿ ಗೋಡೆಗೆ ಬೆಳಕು ಬಿಟ್ಟು ಬೆಳಕಿನ ಮೇಲಂಚಿನ ಗೆರೆ ಸ್ಪಷ್ಟವಿದೆಯೇ ನೋಡುವುದು ಒಳ್ಳೆಯದು.

ಕ್ಲಿಯರ್ ಒಣಗುತ್ತಿದ್ದಾಗ ಇನ್ನೊಬ್ಬ ಗಿರಾಕಿ ಬಂದರು. ಅವರ ಕಾರಿನ ದೀಪದ ಮಸುಕು ಒಳಗಡೆಯದು. ಸೀಲು ಹೋಗಿ ತೇವ ಸೇರಿತ್ತು. ಹುಡುಗ ಬೆರಳಿಂದ ತಟ್ಟಿ ನೋಡಿ, ಹೊರಗೆ ಉಜ್ಜಿ ಉಪಯೋಗವಿಲ್ಲ, ಬಿಚ್ಚಬೇಕು ಇಲ್ಲವೇ ಹೊಸದು ಹಾಕಿಸಿ ಎಂದು ಮರಾಠಿಯಲ್ಲಿ ಹೇಳಿದ. ಅವರು ಗೊಣಗುತ್ತ ನಾಲ್ಕು ಅಂಗಡಿ ಆಚೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಬಫಿಂಗ್ ಮಷಿನಿನ ಸದ್ದು ಕೇಳಿಸಿತು.